ಮಿಶಿಗನ್ ಸರೋವರದ ಮೇಲೆ ವಿಮಾನಗಳು ಏನನ್ನು ಹುಡುಕಿದವು?

ಪ್ರಶ್ನೆ: ಮೇಡಂ, ಮಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಶಿಗನ್ ಸರೋವರದ ದಡದ ಒಂದು ಊರಿನಲ್ಲಿದ್ದಾನೆ. ಕಳೆದ ಜೂನ್‌ನಲ್ಲಿ ನಾವು ಅಲ್ಲಿದ್ದಾಗ ಒಂದು ದಿನ ಸೊಸೆಯ ಮೊಬೈಲ್‌ಗೆ ಎಚ್ಚರಿಕೆ ಬಂದಿತು: ಇಂದು ಓಜೋನ್ ಹೆಚ್ಚಿದೆ, ಮಕ್ಕಳು ಮತ್ತು ವಯಸ್ಸಾದವರು ಮಧ್ಯಾಹ್ನ ಹೊರಗೆ ಹೆಚ್ಚು ಹೊತ್ತು ಇರಬಾರದು ಎಂದು. ಕಿಟಕಿಯಿಂದ ನೋಡಿದರೆ ಆಕಾಶ ತೊಳೆದಿಟ್ಟಂತೆ ನೀಲಿ, ಎದುರಿಗೆ ಕಣ್ಣು ಹಾಯುವವರೆಗೂ ನೀರು. ಒಂದು ಚಿಮಣಿಯೂ ಕಾಣಲಿಲ್ಲ. ಓಜೋನ್ ನಮ್ಮನ್ನು ಕಾಯುವ ಕೊಡೆ ಎಂದು ಶಾಲೆಯಲ್ಲಿ ಓದಿದವಳು ನಾನು. ಅದು ಹೆಚ್ಚಾದರೆ ಹೆದರುವುದೇಕೆ? ನೀರಿನ ಮೇಲಿಂದ ಅದು ಬರುವುದಾದರೂ ಹೇಗೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಮ್ಮ, ನಿಮ್ಮ ಪತ್ರ ಓದಿದಾಗ ನನಗೆ 2017ರ ಜೂನ್ ಕಣ್ಣ ಮುಂದೆ ಬಂದಿತು. ಸಾಗರದ ಕಾಲೇಜಿನಲ್ಲಿ 31 ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಮಗಳ ಮನೆಗೆಂದು ನಾನು ಹೋದದ್ದೂ ಅದೇ ದಡಕ್ಕೆ. ಮೊಮ್ಮಗನಿಗೆ ಆಗ ಒಂಬತ್ತು ವರ್ಷ, ಆಸ್ತಮಾ. ಅವನನ್ನು ಕರೆದುಕೊಂಡು ಶೆಬಾಯ್ಗನ್ ಊರಿನ ದಕ್ಷಿಣಕ್ಕಿರುವ ಕೋಹ್ಲರ್-ಆಂಡ್ರೇ ಉದ್ಯಾನದ ಮರಳ ದಂಡೆಗೆ ಹೋಗಿದ್ದೆವು. ಕಾರಿನಿಂದ ಇಳಿಯುವಾಗ ಸೆಕೆಯೋ ಸೆಕೆ. ಮರಳ ದಿಬ್ಬಗಳ ನಡುವಿನ ಹಲಗೆಯ ಹಾದಿಯಲ್ಲಿ ನಡೆದು ನೀರಿನ ಹತ್ತಿರ ಬರುವಷ್ಟರಲ್ಲಿ ಎದುರಿನಿಂದ ತಣ್ಣನೆಯ ಗಾಳಿ ಬೀಸತೊಡಗಿತು. ಐದೇ ನಿಮಿಷದಲ್ಲಿ ಶಾಲು ಹೊದೆಯಬೇಕಾಯಿತು. ‘ಎಷ್ಟು ಶುದ್ಧವಾದ ಗಾಳಿ’ ಎಂದು ನಾನು ಆಳವಾಗಿ ಉಸಿರೆಳೆದುಕೊಂಡೆ. ಅರ್ಧ ಗಂಟೆಯ ನಂತರ ಹುಡುಗ ಕೆಮ್ಮಲು ತೊಡಗಿದ. ಅದೇ ಉದ್ಯಾನದಲ್ಲಿ ವಿಸ್ಕಾನ್ಸಿನ್ ಸರ್ಕಾರದ ಓಜೋನ್ ಮಾಪನ ಕೇಂದ್ರವಿದೆ. ಇಡೀ ರಾಜ್ಯದಲ್ಲಿ ಅತಿ ಹೆಚ್ಚಿನ ಓಜೋನ್ ಅಂಕಿಗಳು ವರ್ಷಗಳಿಂದ ಬರುತ್ತಿರುವುದು ಇಂಥ ದಡದ ಕೇಂದ್ರಗಳಿಂದಲೇ ಎಂಬುದು ನನಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ.

ಮೊದಲು ಕೊಡೆಯ ಮಾತು. ಶಾಲೆಯಲ್ಲಿ ನೀವು ಓದಿದ್ದು ಸುಳ್ಳಲ್ಲ. ಭೂಮಿಯ ಓಜೋನಿನ ಬಹುಪಾಲು, ಸುಮಾರು ಶೇ 90ರಷ್ಟು, ನಮ್ಮ ತಲೆಯ ಮೇಲೆ ಬಹಳ ಎತ್ತರದ ಸಮೋಷ್ಣ ಮಂಡಲದಲ್ಲಿದೆ. ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವುದು ಅದು. ನಮ್ಮ ತಲೆಯ ಮೇಲಿನ ಓಜೋನನ್ನೆಲ್ಲ ಒಟ್ಟುಗೂಡಿಸಿ ನೆಲಮಟ್ಟದ ಒತ್ತಡಕ್ಕೆ ತಂದರೆ ಸುಮಾರು 3 ಮಿಲಿಮೀಟರ್ ದಪ್ಪದ ಪದರವಾದೀತು, ಅಷ್ಟೇ. ಅದೇ ಅನಿಲ ನಮ್ಮ ಮೂಗಿನ ಮಟ್ಟದಲ್ಲಿದ್ದರೆ ಕಥೆ ಬೇರೆ. ಮೂರು ಆಮ್ಲಜನಕ ಪರಮಾಣುಗಳ ಈ ಅಣು ಮೂರನೆಯದನ್ನು ಯಾರಿಗಾದರೂ ಅಂಟಿಸಲು ಸದಾ ಕಾಯುತ್ತಿರುತ್ತದೆ. ಎಳೆದು ಕಟ್ಟಿದ ರಬ್ಬರ್ ಅದಕ್ಕೆ ಸಿಕ್ಕರೆ ಬಿರುಕು ಬಿಡುತ್ತದೆ, ಸೋಯಾ ಎಲೆ ಸಿಕ್ಕರೆ ಚುಕ್ಕೆ ಬೀಳುತ್ತದೆ, ಶ್ವಾಸನಾಳದ ಒಳಪೊರೆ ಸಿಕ್ಕರೆ ಉರಿಯೂತವಾಗುತ್ತದೆ. ಅಮೆರಿಕದ ಕಾನೂನು 2015ರಿಂದ ಎಂಟು ಗಂಟೆಗಳ ಸರಾಸರಿಗೆ ಹಾಕಿರುವ ಮಿತಿ ಗಾಳಿಯ ನೂರು ಕೋಟಿ ಭಾಗಗಳಲ್ಲಿ 70 ಭಾಗ. ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ. ಅದನ್ನೇ ಅವರ ಲೆಕ್ಕಕ್ಕೆ ತಂದರೆ ಸುಮಾರು 50 ಭಾಗ. ಇಷ್ಟು ಅಲ್ಪ ಪ್ರಮಾಣವೇ ಎಳೆಯರ ಎದೆ ಬಿಗಿಯಲು ಸಾಕು.

ಈ ಓಜೋನ್ ಯಾವ ಚಿಮಣಿಯಿಂದಲೂ ಹೊರಬರುವುದಿಲ್ಲ. ಗಾಳಿಯಲ್ಲೇ, ಬಿಸಿಲಿನಲ್ಲೇ ತಯಾರಾಗುತ್ತದೆ. ವಾಹನ ಮತ್ತು ವಿದ್ಯುತ್ ಸ್ಥಾವರಗಳು ಬಿಡುವ ನೈಟ್ರೋಜನ್ ಡೈಆಕ್ಸೈಡ್ ಅಣುವನ್ನು ಬಿಸಿಲು ಒಡೆಯುತ್ತದೆ. ಬಿಡುಗಡೆಯಾದ ಆಮ್ಲಜನಕ ಪರಮಾಣು ಪಕ್ಕದ ಆಮ್ಲಜನಕ ಅಣುವಿಗೆ ಸೇರಿ ಓಜೋನ್ ಆಗುತ್ತದೆ. ಒಡೆದು ಉಳಿದ ನೈಟ್ರಿಕ್ ಆಕ್ಸೈಡ್ ಸುಮ್ಮನಿರದೆ ಅದೇ ಓಜೋನನ್ನು ತಿಂದು ಮತ್ತೆ ಡೈಆಕ್ಸೈಡ್ ಆಗುತ್ತದೆ. ಇಷ್ಟೇ ಆಗಿದ್ದರೆ ಜಮಾ-ಖರ್ಚು ಸರಿಹೋಗುತ್ತಿತ್ತು. ಆದರೆ ಪೆಟ್ರೋಲ್, ಬಣ್ಣ, ದ್ರಾವಕಗಳಿಂದ ಮತ್ತು ಗಿಡಮರಗಳಿಂದಲೂ ಎದ್ದ ಇಂಗಾಲದ ಆವಿಗಳು ನಡುವೆ ಬಂದು, ಓಜೋನನ್ನು ಖರ್ಚು ಮಾಡದೆಯೇ ನೈಟ್ರಿಕ್ ಆಕ್ಸೈಡನ್ನು ಮರಳಿ ಡೈಆಕ್ಸೈಡ್ ಮಾಡಿಬಿಡುತ್ತವೆ. ಆಗ ಜಮೆ ಮಾತ್ರ ಏರುತ್ತ ಹೋಗುತ್ತದೆ. ಹೀಗಾಗಿ ದಟ್ಟ ವಾಹನಗಳಿರುವ ರಸ್ತೆಯ ಪಕ್ಕದಲ್ಲೇ ಓಜೋನ್ ಕಡಿಮೆ ಇರಬಹುದು, ಗಾಳಿ ಹೋಗುವ ದಿಕ್ಕಿನ ಹಳ್ಳಿಯಲ್ಲಿ ಹೆಚ್ಚಿರಬಹುದು. ನನ್ನ ವಿದ್ಯಾರ್ಥಿಗಳು ಇದನ್ನು ನಂಬಲು ಪ್ರತಿ ವರ್ಷವೂ ಒದ್ದಾಡುತ್ತಿದ್ದರು.

ಇನ್ನು ಸರೋವರ. ಮಿಶಿಗನ್ ಸರೋವರ ಉತ್ತರ-ದಕ್ಷಿಣ ಸುಮಾರು 494 ಕಿ.ಮೀ. ಉದ್ದ, ಅತಿ ಅಗಲವಾದಲ್ಲಿ 190 ಕಿ.ಮೀ., ಅತಿ ಆಳದಲ್ಲಿ 281 ಮೀಟರ್. ಅದರ ದಕ್ಷಿಣ ತುದಿಯನ್ನು ಶಿಕಾಗೊ ಮಹಾನಗರ ಮತ್ತು ಇಂಡಿಯಾನಾದ ಗ್ಯಾರಿಯ ಉಕ್ಕಿನ ಕಾರ್ಖಾನೆಗಳು ಸುತ್ತುವರಿದಿವೆ. ಚಳಿಗಾಲದ ತಂಪನ್ನು ಈ ನೀರು ಬೇಗ ಬಿಟ್ಟುಕೊಡುವುದಿಲ್ಲ. ನೆಲದ ಮೇಲೆ 30 ಡಿಗ್ರಿ ಸೆಕೆ ಇರುವ ಜೂನ್ ದಿನದಲ್ಲೂ ನಡು ಸರೋವರದ ನೀರು 10-12 ಡಿಗ್ರಿಯ ಆಸುಪಾಸಿನಲ್ಲಿರಬಹುದು.

ನೀವು ತೀರ್ಥಹಳ್ಳಿಯವರು, ಆದ್ದರಿಂದ ಮುಂದಿನದನ್ನು ಕಣ್ಣಾರೆ ಕಂಡೇ ಇರುತ್ತೀರಿ. ಪುಷ್ಯ ಮಾಸದ ಬೆಳಗ್ಗೆ ಬಚ್ಚಲ ಒಲೆಯ ಹೊಗೆ ಹೆಂಚಿನ ಸಂದಿಯಿಂದ ಹೊರಬಂದು, ಮೇಲೇರದೆ, ಅಡಿಕೆ ತೋಟದ ಮೇಲೆ ಬಿಳಿ ಪಂಚೆ ಹಾಸಿದಂತೆ ಮಲಗಿರುತ್ತದೆಯಲ್ಲವೇ? ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ. ಹೊಗೆಗೆ ಮೇಲೇರುವ ದಾರಿಯೇ ಇಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಅದು ಕರಗುತ್ತದೆ. ಮಿಶಿಗನ್ ಸರೋವರದ ಮೇಲೆ ಮಾತ್ರ ಬಿಸಿಲೇರಿದರೂ ಮುಚ್ಚಳ ತೆರೆಯುವುದಿಲ್ಲ, ಏಕೆಂದರೆ ತಳದಲ್ಲಿರುವುದು ಕಾಯದ ನೀರು. ನೆಲದಿಂದ ಬಂದ ಬೆಚ್ಚನೆಯ ಗಾಳಿಯ ಕೆಳಭಾಗ ನೀರಿಗೆ ತಾಗಿ ತಣಿದು, ಕೆಲವು ಹತ್ತು ಮೀಟರಿನಿಂದ ಕೆಲವು ನೂರು ಮೀಟರ್ ದಪ್ಪದ ಪದರವಾಗಿ ಅಲ್ಲೇ ಕೂರುತ್ತದೆ.

ಬೆಳಗಿನ ಜಾವ ನೆಲಗಾಳಿ ಶಿಕಾಗೊದ ಹೊಗೆಯನ್ನು ನೀರಿನ ಮೇಲಕ್ಕೆ ತಳ್ಳುತ್ತದೆ. ಅಲ್ಲಿ ಮೋಡ ಕಡಿಮೆ, ಬಿಸಿಲು ಪೂರ್ತಿ. ಓಜೋನನ್ನು ಹೀರಲು ಮರದ ಎಲೆಗಳಿಲ್ಲ. ನೀರಿನ ಮೇಲ್ಮೈ ಅದನ್ನು ಬಹಳ ನಿಧಾನವಾಗಿ ಹೀರುತ್ತದೆ. ಅದನ್ನು ತಿನ್ನುವ ಹೊಸ ವಾಹನದ ಹೊಗೆಯೂ ನಡು ನೀರಿನಲ್ಲಿ ಇಲ್ಲ. ಮುಚ್ಚಳ ಹಾಕಿದ ಪಾತ್ರೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಅಡುಗೆ ನಡೆಯುತ್ತದೆ. ಮಧ್ಯಾಹ್ನ ನೆಲ ಕಾದು ಗಾಳಿ ಮೇಲೆದ್ದಾಗ, ಆ ಜಾಗ ತುಂಬಲು ಸರೋವರದ ತಂಪುಗಾಳಿ ಒಳಬರುತ್ತದೆ. ದಕ್ಷಿಣದಿಂದ ಬೀಸುವ ದೊಡ್ಡ ಗಾಳಿಯೂ ಜೊತೆಗೂಡಿದರೆ ಶಿಕಾಗೊದಿಂದ 200 ಕಿ.ಮೀ. ಉತ್ತರದ ಶೆಬಾಯ್ಗನ್‌ವರೆಗೂ ಅಡುಗೆ ತಲುಪುತ್ತದೆ. ನಾನು ಆಳವಾಗಿ ಎಳೆದುಕೊಂಡ ಆ ತಣ್ಣನೆಯ, ವಾಸನೆಯಿಲ್ಲದ ಗಾಳಿ ಇದೇ ಜಾತಿಯದು.

ಇದಕ್ಕಿಂತಲೂ ನನ್ನನ್ನು ಕಲಕಿದ ಇನ್ನೊಂದು ಜಾಗವಿದೆ. ವಿಸ್ಕಾನ್ಸಿನ್‌ನ ಡೋರ್ ಜಿಲ್ಲೆ ಸರೋವರದೊಳಗೆ ಚಾಚಿದ ಹೆಬ್ಬೆರಳಿನಂತಿದೆ. ಅದರ ತುದಿಯಲ್ಲಿ ನ್ಯೂಪೋರ್ಟ್ ಎಂಬ ಕಾಡಿನ ಉದ್ಯಾನ. ರಾತ್ರಿಯ ಆಕಾಶ ಎಷ್ಟು ಕಪ್ಪೆಂದರೆ, 2017ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ‘ಕಗ್ಗತ್ತಲ ಆಕಾಶ’ ಉದ್ಯಾನದ ಮಾನ್ಯತೆ ಸಿಕ್ಕಿತು. ಅಲ್ಲಿ ಕಾರ್ಖಾನೆ ಇಲ್ಲ, ಪೇಟೆ ಇಲ್ಲ; ಶಿಕಾಗೊಗೆ ನೇರ ದೂರವೇ 370 ಕಿ.ಮೀ. ಆದರೂ ಮರುವರ್ಷ, 2018ರಲ್ಲಿ, ಓಜೋನ್ ಮಿತಿ ಮೀರಿದ ಪ್ರದೇಶಗಳ ಸರ್ಕಾರಿ ಪಟ್ಟಿಗೆ ಆ ಉದ್ಯಾನ ಸೇರಿತು. ನಕ್ಷತ್ರ ನೋಡಲು ದೇಶದ ಅತ್ಯುತ್ತಮ ಜಾಗಗಳಲ್ಲಿ ಒಂದು, ಉಸಿರಾಡಲು ಮಿತಿ ಮೀರಿದ ಜಾಗಗಳಲ್ಲೂ ಒಂದು.

ಸೊಸೆಯವರಿಗೆ ಹೇಳಿ: ಎಚ್ಚರಿಕೆ ಬಂದ ದಿನ ಓಟ, ಆಟ ಬೆಳಗ್ಗೆ ಮುಗಿಯಲಿ. ಮಧ್ಯಾಹ್ನದಿಂದ ಸಂಜೆಯವರೆಗೆ ಕಿಟಕಿ ಮುಚ್ಚಿದ ಮನೆಯೊಳಗೆ ಓಜೋನ್ ಹೊರಗಿನದಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ. ಮುಖಗವಸು ಧೂಳನ್ನು ತಡೆಯುತ್ತದೆ, ಈ ಅನಿಲವನ್ನಲ್ಲ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ನೀವು, ಮಿಶಿಗನ್ ಸರೋವರದ ಓಜೋನನ್ನು ಅಳೆಯಲು 2017ರಲ್ಲಿ ವಿಮಾನಗಳನ್ನು ಬಳಸಿದರೆಂದು ಒಂದು ಸಾಲು ಬರೆದು ಬಿಟ್ಟಿರಿ. ದಡದಲ್ಲಿ ಕೇಂದ್ರಗಳಿವೆ, ಮೇಲೆ ಉಪಗ್ರಹಗಳಿವೆ. ನಡುವೆ ವಿಮಾನದ ಖರ್ಚೇಕೆ? ವಿಮಾನದ ಹೊಗೆಯೇ ಅಳತೆಯನ್ನು ಕೆಡಿಸುವುದಿಲ್ಲವೇ? ಕೊನೆಗೆ ಅದರಿಂದ ಸಿಕ್ಕಿದ್ದೇನು?
— ನಿವೃತ್ತ ಎಂಜಿನಿಯರ್, ಬೆಳಗಾವಿ

ಉತ್ತರ: ಒಂದು ಸಾಲು ಬರೆದು ಬಿಟ್ಟದ್ದು ನನ್ನ ತಪ್ಪು ಸರ್, ಈಗ ಪೂರ್ತಿ ಮಾಡುತ್ತೇನೆ.

ದಡದ ಕೇಂದ್ರ ಹೇಳುವುದು ದಡ ಮುಟ್ಟಿದ ಗಾಳಿಯ ಕಥೆಯನ್ನು ಮಾತ್ರ. ಹತ್ತು-ಇಪ್ಪತ್ತು ಕಿ.ಮೀ. ಆಚೆ ನೀರಿನ ಮೇಲೆ ಓಜೋನ್ ಎಷ್ಟಿದೆ, ಪದರ ಎಷ್ಟು ದಪ್ಪವಿದೆ, ಅದರ ಮೇಲೆ ಏನಿದೆ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಸಂಶೋಧಕರು ಒಮ್ಮೆ ಸರೋವರದ ಎದುರುಬದುರು ದಡಗಳ ಊರುಗಳಾದ ಮಿಲ್ವಾಕಿ ಮತ್ತು ಮಸ್ಕೀಗನ್ ನಡುವೆ ಓಡಾಡುವ ಪ್ರಯಾಣಿಕರ ಹಡಗಿನಲ್ಲೇ ಓಜೋನ್ ಮಾಪಕವಿಟ್ಟು ಅಳೆದದ್ದೂ ಉಂಟು. ಆ ಹಡಗಿನಲ್ಲಿ ನಾನೂ ಮೊಮ್ಮಗನೂ ಎರಡೂವರೆ ಗಂಟೆ ಪ್ರಯಾಣಿಸಿದ್ದೇವೆ. ಜೂನ್ ಬಿಸಿಲಿನಲ್ಲೂ ಮೇಲಟ್ಟದಲ್ಲಿ ನಿಲ್ಲಲಾಗದಷ್ಟು ಚಳಿ. ಆದರೆ ಹಡಗು ನೀರಿನ ಮೇಲ್ಮೈಯನ್ನು ಬಿಟ್ಟು ಏಳಲಾರದು. ಪದರದ ದಪ್ಪ ಗೊತ್ತಾಗಬೇಕಾದರೆ ಅದನ್ನು ಮೇಲಿನಿಂದ ಕೆಳಕ್ಕೆ ಕೊಯ್ದು ನೋಡಬೇಕು.

ಉಪಗ್ರಹದ ತೊಂದರೆ ಬೇರೆ. ಮೇಲಿನಿಂದ ನೋಡುವ ಕಣ್ಣಿಗೆ ಮೊದಲು ಸಿಗುವುದು ಸಮೋಷ್ಣ ಮಂಡಲದ ಆ ಶೇ 90 ಓಜೋನ್. ಅದರಡಿಯಲ್ಲಿ, ನೀರಿಗೆ ಅಂಟಿಕೊಂಡ ನೂರಿನ್ನೂರು ಮೀಟರ್ ಪದರದ ಓಜೋನನ್ನು ಬೇರ್ಪಡಿಸುವುದು, ದಪ್ಪ ಕಂಬಳಿಯ ಮೇಲಿನಿಂದಲೇ ಕೆಳಗಿನ ಮಡಿಕೆಯನ್ನು ಎಣಿಸಿದ ಹಾಗೆ. ಜೊತೆಗೆ ಆ ಕಾಲದಲ್ಲಿ ಈ ಕೆಲಸಕ್ಕೆ ಒದಗುತ್ತಿದ್ದ ಆರಾ ಉಪಗ್ರಹದ ಮಾಪಕ ದಿನಕ್ಕೊಮ್ಮೆ ಮಾತ್ರ ಹಾದುಹೋಗುತ್ತಿತ್ತು. ಅದರ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಕಡಿಮೆಯೆಂದರೂ 13ಕ್ಕೆ 24 ಕಿ.ಮೀ. ಇಡೀ ಊರೊಂದು, ಅದರ ದಡ, ಮುಂದಿನ ನೀರು ಎಲ್ಲವೂ ಒಂದೇ ಚುಕ್ಕೆಯಲ್ಲಿ ಕಲಸಿಹೋಗುತ್ತಿದ್ದವು.

ಆದ್ದರಿಂದ 2017ರ ಮೇ 22ರಿಂದ ಜೂನ್ 22ರವರೆಗೆ ಸರೋವರದ ದಕ್ಷಿಣಾರ್ಧದ ಮೇಲೆ ಎರಡು ವಿಮಾನಗಳು ಹಾರಿದವು. ನಾಸಾ, ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ, ವಿಸ್ಕಾನ್ಸಿನ್ ಮತ್ತು ಅಯೋವಾ ವಿಶ್ವವಿದ್ಯಾಲಯಗಳು, ಸುತ್ತಲಿನ ರಾಜ್ಯಗಳ ವಾಯು ಅಧಿಕಾರಿಗಳ ಒಕ್ಕೂಟ ಎಲ್ಲರೂ ಸೇರಿದ ಕೆಲಸ ಅದು. ಇಲಿನಾಯ್‌ನ ಝಯಾನ್ ಮತ್ತು ವಿಸ್ಕಾನ್ಸಿನ್‌ನ ಶೆಬಾಯ್ಗನ್‌ನಲ್ಲಿ ದಡದ ಮೇಲೆ ಹೆಚ್ಚುವರಿ ಉಪಕರಣಗಳು, ನೀರಿನಲ್ಲೊಂದು ಸಂಶೋಧನಾ ದೋಣಿಯೂ ಇದ್ದವು. ತಿಂಗಳನ್ನು ಆರಿಸಿದ್ದು ಯೋಚಿಸಿಯೇ: ಬಿಸಿಲು ಏರಿರಬೇಕು, ನೀರು ಇನ್ನೂ ಕಾದಿರಬಾರದು.

ಮೊದಲ ವಿಮಾನ ಒಂದೇ ಎಂಜಿನ್ನಿನ ಪುಟ್ಟ ಮೂನಿ. ಅದರ ಕೆಲಸ ಗಾಳಿಯನ್ನು ಒಳಗೆಳೆದು ಅಲ್ಲಿಯೇ ಅಳೆಯುವುದು. ನಿಮ್ಮ ಹೊಗೆಯ ಅನುಮಾನಕ್ಕೆ ಉತ್ತರ ಇಲ್ಲಿದೆ: ಇಂಥ ವಿಮಾನಗಳಲ್ಲಿ ಗಾಳಿ ಎಳೆಯುವ ಕೊಳವೆಯನ್ನು ಎಂಜಿನ್ನಿನ ಹೊಗೆ ತಲುಪದ ಜಾಗದಲ್ಲಿ ಇಡುತ್ತಾರೆ. ವಿಮಾನ ಸದಾ ಮುಂದಕ್ಕೆ, ಇನ್ನೂ ಕದಡದ ಗಾಳಿಗೇ ಬಾಯಿ ಕೊಡುತ್ತಿರುತ್ತದೆ. ಕೊಳವೆ ಟೆಫ್ಲಾನಿನದಾಗಿರಬೇಕು, ಏಕೆಂದರೆ ಬೇರೆ ಎಷ್ಟೋ ವಸ್ತುಗಳ ಗೋಡೆಗೆ ತಾಗಿದ ಓಜೋನ್ ದಾರಿಯಲ್ಲೇ ನಾಶವಾಗುತ್ತದೆ. ರಬ್ಬರ್ ಕೊಳವೆ ಹಾಕಿದರೆ ಅಳತೆಯೇ ಹಾಳು.

ಓಜೋನ್ ಅಳೆಯುವ ಪೆಟ್ಟಿಗೆಯ ತತ್ತ್ವ ನನಗೆ ಬಹಳ ಪ್ರಿಯವಾದದ್ದು. ಪಾದರಸದ ದೀಪ 254 ನ್ಯಾನೋಮೀಟರ್ ಅತಿನೇರಳೆ ಬೆಳಕನ್ನು ಒಂದು ನಳಿಕೆಯ ಮೂಲಕ ಹಾಯಿಸುತ್ತದೆ. ಓಜೋನ್ ಆ ಬೆಳಕನ್ನು ಹಸಿದಂತೆ ಹೀರುತ್ತದೆ. ಹೊರಗಿನ ಗಾಳಿಯನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ಓಜೋನ್ ತೆಗೆದು ಹಾಯಿಸಿ, ಎರಡು ಬಾರಿ ತಲುಪಿದ ಬೆಳಕಿನ ವ್ಯತ್ಯಾಸವನ್ನು ಲೆಕ್ಕ ಹಾಕಿದರೆ ಓಜೋನ್ ಎಷ್ಟೆಂದು ಗೊತ್ತಾಗುತ್ತದೆ. ಮೇಲಿನ ಓಜೋನ್ ನಮ್ಮನ್ನು ಕಾಯುವುದೂ ಇದೇ ಗುಣದಿಂದ. ಯಾವ ಗುಣ ಅದನ್ನು ಕೊಡೆಯಾಗಿಸಿದೆಯೋ ಅದೇ ಗುಣದಿಂದ ಅದನ್ನು ಹಿಡಿಯುತ್ತೇವೆ.

ಪುಟ್ಟ ವಿಮಾನವೂ ಸೆಕೆಂಡಿಗೆ 70 ಮೀಟರಿನಷ್ಟು ಮುಂದೆ ಸಾಗುತ್ತದೆ. ನೇರವಾಗಿ ಧುಮುಕಿದರೆ ನೂರು ಮೀಟರಿನ ಪದರ ಕಣ್ಣು ಮಿಟುಕಿಸುವಷ್ಟರಲ್ಲಿ ತಪ್ಪಿಹೋಗುತ್ತದೆ. ಅದಕ್ಕಾಗಿ ಪೈಲಟ್ ಹದ್ದಿನಂತೆ ಸುತ್ತು ಹಾಕುತ್ತ, ಸುರುಳಿಯಾಗಿ ನೀರಿನ ಕಡೆಗೆ ಇಳಿಯಬೇಕು, ಮತ್ತೆ ಸುರುಳಿಯಾಗಿ ಏರಬೇಕು. ನಡು ನೀರಿನ ಮೇಲೆ, ಒಂದೇ ಎಂಜಿನ್ ನಂಬಿಕೊಂಡು, ಅಲೆಗಳು ಬಿಡಿಬಿಡಿಯಾಗಿ ಕಾಣುವಷ್ಟು ತಗ್ಗಿನಲ್ಲಿ. ಸಂಶೋಧನೆಯ ಲೇಖನಗಳಲ್ಲಿ ಇದು ‘ಲಂಬ ವಿವರ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಆ ಪೈಲಟ್‌ಗಳ ಬಗ್ಗೆ ನನಗೆ ತುಂಬು ಗೌರವವಿದೆ.

ಎರಡನೆಯದು ನಾಸಾದ ಯುಸಿ-12, ಎರಡು ಎಂಜಿನ್ನಿನ ಬೀಚ್‌ಕ್ರಾಫ್ಟ್ ಕಿಂಗ್ ಏರ್. ಇದು ಸುಮಾರು 28,000 ಅಡಿ ಎತ್ತರದಲ್ಲಿ ಹಾರುತ್ತ, ಹೊಲ ಉಳುವವರ ಸಾಲಿನಂತೆ ಹೋಗಿ-ಬಂದು ಹೋಗಿ-ಬಂದು ಕೆಳಗಿನದನ್ನು ಚಿತ್ರಿಸಿತು. ಅದರ ಹೊಟ್ಟೆಯಲ್ಲಿದ್ದ ಜಿಯೋಟಾಸೊ ಎಂಬ ಉಪಕರಣ, ನೆಲದಿಂದ ಮತ್ತು ನೀರಿನಿಂದ ಪ್ರತಿಫಲಿಸಿದ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಯಾವ ಬಣ್ಣ ಎಷ್ಟು ಕಡಿಮೆಯಾಗಿದೆ ಎಂದು ನೋಡುತ್ತದೆ. ಅದು ಹುಡುಕಿದ್ದು ಓಜೋನನ್ನಲ್ಲ, ಓಜೋನಿನ ಹೆತ್ತವರನ್ನು: ನೈಟ್ರೋಜನ್ ಡೈಆಕ್ಸೈಡ್, ಮತ್ತು ಇಂಗಾಲದ ಆವಿಗಳು ಇದ್ದುದಕ್ಕೆ ಸಾಕ್ಷಿಯಾಗಿ ಉಳಿಯುವ ಫಾರ್ಮಾಲ್ಡಿಹೈಡ್. ಉಪಗ್ರಹದಲ್ಲಿ ಒಂದೇ ಚುಕ್ಕೆಯಾಗಿ ಕಾಣುತ್ತಿದ್ದ ಊರು ಇಲ್ಲಿ ಕೆಲವು ನೂರು ಮೀಟರ್ ಅಗಲದ ಚೌಕಗಳಾಗಿ ಬಿಚ್ಚಿಕೊಂಡಿತು.

ಸಿಕ್ಕಿದ್ದೇನು ಎಂದು ಕೇಳಿದ್ದೀರಿ. ಆ ತಿಂಗಳಲ್ಲಿ ಓಜೋನ್ ಸ್ಥಳೀಯವಾಗಿ ಏರಿದ ಮೂರು ಸಂದರ್ಭಗಳು ಉಪಕರಣಗಳಿಗೆ ಸಿಕ್ಕವು: ಜೂನ್ 2, ಜೂನ್ 9ರಿಂದ 12, ಜೂನ್ 14ರಿಂದ 16. ನೀರಿಗೆ ಅಂಟಿಕೊಂಡ ತೆಳು ಪದರದಲ್ಲಿ ಓಜೋನ್ ವೇಗವಾಗಿ ಹುಟ್ಟುತ್ತಿರುವುದು ವಿಮಾನದ ಅಳತೆಯಲ್ಲೇ ಕಂಡಿತು. ನೈಟ್ರೋಜನ್ ಡೈಆಕ್ಸೈಡ್ ಗಂಟೆಯಿಂದ ಗಂಟೆಗೆ, ಊರಿನಿಂದ ಊರಿಗೆ ಹೇಗೆ ಬದಲಾಗುತ್ತದೆಂಬ ನಕ್ಷೆ ಸಿಕ್ಕಿತು. ಇದೆಲ್ಲ ಮೊದಲೇ ಊಹಿಸಿದ್ದೇ ಅಲ್ಲವೇ ಎಂದು ನೀವು ಕೇಳಬಹುದು. ಊಹೆ ಹಳೆಯದು, ಒಪ್ಪುತ್ತೇನೆ. ಸರೋವರದ ಗಾಳಿ ಶಿಕಾಗೊದ ಹೊಗೆಯನ್ನು ಸುತ್ತಾಡಿಸುವ ಬಗೆಯನ್ನು ಎಪ್ಪತ್ತರ ದಶಕದ ಆರಂಭದಲ್ಲೇ ಅಧ್ಯಯನ ಮಾಡಿದ್ದರು; 1991ರ ಬೇಸಿಗೆಯಲ್ಲಿ ಇದೇ ಸರೋವರದ ಮೇಲೆ ವಿಮಾನ ಮತ್ತು ದೋಣಿಗಳ ದೊಡ್ಡ ಅಧ್ಯಯನವೂ ನಡೆದಿತ್ತು. ಆದರೆ ಗಾಳಿಯ ಭವಿಷ್ಯ ಹೇಳುವ ಕಂಪ್ಯೂಟರ್ ಮಾದರಿಗಳು ಈ ತೆಳು ಪದರದ ಮುಂದೆ ತಡವರಿಸುತ್ತಲೇ ಇದ್ದವು. ನೀರಿನ ಉಷ್ಣತೆಯನ್ನೋ ಪದರದ ದಪ್ಪವನ್ನೋ ಮಾದರಿ ತಪ್ಪಾಗಿ ಹಿಡಿದರೆ ಅದರೊಳಗಿನ ಓಜೋನೂ ತಪ್ಪುತ್ತದೆ. ಹಡಗಿನ ಅಳತೆಯೊಂದಿಗೆ ಹೋಲಿಸಿದಾಗ ಮಾದರಿಗಳು ನೀರಿನ ಮೇಲೆ ಇರುವುದಕ್ಕಿಂತ ಹೆಚ್ಚು ಓಜೋನ್ ತೋರಿಸಿದ್ದವು.

ಮಾದರಿ ತಪ್ಪಿದರೆ ಏನಾಗುತ್ತದೆ? ಯಾವ ರಾಜ್ಯ ಯಾವ ಹೊಗೆಯನ್ನು ಎಷ್ಟು ಕಡಿಮೆ ಮಾಡಬೇಕು ಎಂಬ ಆದೇಶ ಹೊರಡುವುದು ಈ ಮಾದರಿಗಳ ಲೆಕ್ಕದ ಮೇಲೆ. ನದಿ ನೀರಿನ ಜಗಳ ನಮಗೆ ಹೊಸದಲ್ಲ. ಮೇಲಿನವರು ಬಿಡುವುದಿಲ್ಲ ಎಂಬ ದೂರನ್ನು ಕೇಳುತ್ತಲೇ ಬೆಳೆದಿದ್ದೇವೆ. ಮಿಶಿಗನ್ ದಡದಲ್ಲಿ ದೂರು ತಿರುಗುಮುರುಗು: ಗಾಳಿ ಹುಟ್ಟುವ ಕಡೆಯವರು ತಮ್ಮದನ್ನು ನಮ್ಮ ಮೇಲೆ ಬಿಡುತ್ತಿದ್ದಾರೆ ಎಂದು. ಎಂಬತ್ತರ ದಶಕದಲ್ಲಿ ವಿಸ್ಕಾನ್ಸಿನ್ ಇದಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿತ್ತು. 1989ರಲ್ಲಿ ಇಲಿನಾಯ್, ಇಂಡಿಯಾನಾ, ಮಿಶಿಗನ್, ವಿಸ್ಕಾನ್ಸಿನ್ ನಾಲ್ಕೂ ರಾಜ್ಯಗಳು ಕೂಡಿ ಜಂಟಿ ಒಕ್ಕೂಟ ಮಾಡಿಕೊಂಡದ್ದು, ಮೊದಲು ಎಲ್ಲರೂ ಒಪ್ಪುವ ಅಳತೆ ಇರಲಿ ಎಂದು. ಇದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ಶೆಬಾಯ್ಗನ್‌ನಲ್ಲಿ ಹುಡುಗನೊಬ್ಬ ಕೆಮ್ಮಿದ ಹೊಣೆಯನ್ನು ಶೆಬಾಯ್ಗನ್‌ನ ಅಂಗಡಿಕಾರನ ಮೇಲೆ ಹೊರಿಸಿ ಅವನ ಚಿಮಣಿ ಮುಚ್ಚಿಸಿದರೆ ಹುಡುಗನ ಕೆಮ್ಮು ನಿಲ್ಲುವುದಿಲ್ಲ. ಯಾವ ಹೊಗೆ, ಎಲ್ಲಿಂದ, ಯಾವ ಹೊತ್ತಿನಲ್ಲಿ ಹೊರಟಿತು ಎಂದು ಗೊತ್ತಾಗಬೇಕು. ಅದಕ್ಕೆ ಖರ್ಚಾದ ಇಂಧನವನ್ನು ನಾನು ದುಂದು ಎನ್ನಲಾರೆ.

ಇನ್ನೊಂದು ಲಾಭ 2023ರಲ್ಲಿ ಬಂದಿತು. ಜಿಯೋಟಾಸೊ ಹಾರಾಟಗಳು ಮುಂದೆ ಬರಲಿದ್ದ ಟೆಂಪೊ ಎಂಬ ಉಪಗ್ರಹ ಉಪಕರಣಕ್ಕೆ ಪೂರ್ವಾಭ್ಯಾಸವೂ ಆಗಿದ್ದವು. ಅದು 2023ರ ಏಪ್ರಿಲ್ 7ರಂದು ಆಕಾಶಕ್ಕೇರಿ, ಈಗ ಸುಮಾರು 36,000 ಕಿ.ಮೀ. ಎತ್ತರದಿಂದ ಉತ್ತರ ಅಮೆರಿಕವನ್ನು ಹಗಲಿನಲ್ಲಿ ಗಂಟೆಗೊಮ್ಮೆ ನೋಡುತ್ತಿದೆ. ಅದೇ ಬೇಸಿಗೆಯಲ್ಲಿ ನಾಸಾ ವಿಮಾನಗಳು ಶಿಕಾಗೊ ಮೇಲೆ ಮತ್ತೆ ಹಾರಿದವು. ಉಪಗ್ರಹ ಸರಿಯಾಗಿ ನೋಡುತ್ತಿದೆಯೇ ಎಂದು ಪರೀಕ್ಷಿಸಲೂ ವಿಮಾನವೇ ಬೇಕು.

ಪ್ರಶ್ನೆ: ನಮ್ಮ ಅರಬ್ಬಿ ಸಮುದ್ರದ ಕಡಲ ಗಾಳಿಯೂ ಹೀಗೆ ಓಜೋನ್ ಹೊತ್ತು ತರುತ್ತದೆಯೇ? ಸಂಜೆ ಪಣಂಬೂರಿಗೆ ವಾಯುಸೇವನೆಗೆ ಹೋಗುವುದನ್ನು ಬಿಡಬೇಕೇ?
— ಓದುಗರು, ಮಂಗಳೂರು

ಉತ್ತರ: ಬಿಡಬೇಡಿ. ಮಿಶಿಗನ್‌ನ ಕಥೆಯಲ್ಲಿ ಮುಖ್ಯ ಪಾತ್ರ ತಣ್ಣನೆಯ ನೀರಿನದು. ನಮ್ಮ ಕರಾವಳಿಯ ಸಮುದ್ರ 27-30 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಅಷ್ಟು ಬಿಗಿಯಾದ ಮುಚ್ಚಳ ಅದರ ಮೇಲೆ ಕೂರುವುದಿಲ್ಲ. ಹಾಗೆಂದು ಸಮುದ್ರದ ಮೇಲಿನ ಗಾಳಿ ಸದಾ ಶುದ್ಧ ಎಂದೂ ತಿಳಿಯಬೇಡಿ. 1999ರ ಆರಂಭದಲ್ಲಿ ‘ಇಂಡೋಎಕ್ಸ್’ ಎಂಬ ದೊಡ್ಡ ಅಧ್ಯಯನ ಮಾಲ್ದೀವ್ಸ್ ಅನ್ನು ನೆಲೆಯಾಗಿಸಿಕೊಂಡು ವಿಮಾನ, ಹಡಗುಗಳಿಂದ ಹಿಂದೂ ಮಹಾಸಾಗರದ ಗಾಳಿಯನ್ನು ಅಳೆಯಿತು. ಚಳಿಗಾಲದ ತಿಂಗಳುಗಳಲ್ಲಿ ನಮ್ಮ ಉಪಖಂಡದ ಹೊಗೆ ನೂರಾರು ಕಿ.ಮೀ. ದೂರದ ಸಮುದ್ರದ ಮೇಲೆ ಕಂದು ಮಬ್ಬಾಗಿ ಹರಡಿರುವುದು ಆಗ ಕಂಡಿತು. ಅದನ್ನು ಮುನ್ನಡೆಸಿದವರಲ್ಲಿ ಒಬ್ಬರು ವಿ. ರಾಮನಾಥನ್, ಹುಡುಗನಾಗಿದ್ದಾಗ ಬೆಂಗಳೂರಿಗೆ ಬಂದು, ಮುಂದೆ ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. 2006ರ ಬೇಸಿಗೆಯಲ್ಲಿ ಇಸ್ರೋ ನೇತೃತ್ವದಲ್ಲಿ ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರಗಳ ಮೇಲೆ ‘ಐಕಾರ್ಬ್’ ಅಧ್ಯಯನ ನಡೆಯಿತು. ಸಾಗರ ಕನ್ಯಾ ಹಡಗಿನ ಜೊತೆಗೆ ಅಲ್ಲೂ ಒಂದು ಬೀಚ್‌ಕ್ರಾಫ್ಟ್ ವಿಮಾನ ಹಾರಿತ್ತು.

ಪ್ರಶ್ನೆ: ಮನೆಯ ಗಾಳಿಯನ್ನು ‘ಕಾಡಿನಷ್ಟು ತಾಜಾ’ ಮಾಡುತ್ತದೆಂದು ಅಂಗಡಿಯವರು ಓಜೋನ್ ಬಿಡುವ ಯಂತ್ರ ಕೊಟ್ಟಿದ್ದಾರೆ. ಅತ್ತೆಯವರಿಗೆ ಉಬ್ಬಸವಿದೆ. ಬಳಸಬಹುದೇ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಬೇಡ. ದಯವಿಟ್ಟು ಇಂದೇ ಪ್ಲಗ್ ತೆಗೆದುಬಿಡಿ. ಹೊರಗಿನ ಓಜೋನಿಗೆ ಕಿಟಕಿ ಮುಚ್ಚಿ ಎಂದು ಹೇಳುತ್ತಿರುವಾಗ ಅದನ್ನು ಹಣ ಕೊಟ್ಟು ಮಲಗುವ ಕೋಣೆಗೆ ತರುವುದು ಉಬ್ಬಸದವರಿಗೆ ಅಪಾಯ. ಗುಡುಗು-ಮಿಂಚಿನ ನಂತರ ಬರುವ ಆ ಚುರುಕು ವಾಸನೆಯನ್ನು ನಾವು ತಾಜಾತನ ಎಂದು ಭಾವಿಸುತ್ತೇವೆ. ಗ್ರೀಕ್ ಭಾಷೆಯ ‘ವಾಸನೆ ಬೀರು’ ಎಂಬ ಪದದಿಂದಲೇ ಓಜೋನ್ ಹೆಸರು ಹುಟ್ಟಿದೆ. ಮನೆಯಲ್ಲಿ ಅದರ ವಾಸನೆ ಬರುತ್ತಿದೆ ಎಂದರೆ ಅದು ಇರಬಾರದಷ್ಟು ಇದೆ ಎಂದೇ ಅರ್ಥ.

ಪ್ರಶ್ನೆ: ಟೀಚರ್, ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿ. ವಿಮಾನವಿಲ್ಲದೆ ನಮ್ಮ ಊರಿನಲ್ಲಿ ಓಜೋನ್ ಅಳೆಯಬಹುದೇ?
— ಹಾವೇರಿ

ಉತ್ತರ: ನಿಖರವಾಗಿ ಅಳೆಯಲಾಗದು, ಆದರೆ ಇದೆ ಎಂದು ಕಂಡುಹಿಡಿಯಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ರಸಾಯನಶಾಸ್ತ್ರಜ್ಞ ಶೋನ್‌ಬೈನ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಸಿದ ವಿಧಾನವನ್ನೇ ನಾನು ತರಗತಿಯಲ್ಲಿ ಮಾಡಿಸುತ್ತಿದ್ದೆ. ಉಪನ್ಯಾಸಕರ ಅನುಮತಿ ಪಡೆದು ಪ್ರಯೋಗಾಲಯದಲ್ಲೇ ಮಾಡು. 100 ಮಿಲಿಲೀಟರ್ ಶುದ್ಧ ನೀರಿಗೆ ಒಂದೂಕಾಲು ಚಮಚ ಮೆಕ್ಕೆಜೋಳದ ಪಿಷ್ಟ ಹಾಕಿ, ಗಂಜಿಯಂತಾಗುವವರೆಗೆ ಕಲಕುತ್ತ ಕಾಯಿಸು. ಕೆಳಗಿಳಿಸಿ ಕಾಲು ಚಮಚ ಪೊಟ್ಯಾಸಿಯಂ ಅಯೊಡೈಡ್ ಬೆರೆಸು. ಆರಿದ ಮೇಲೆ ಸೋಸುವ ಕಾಗದದ ಎರಡೂ ಬದಿಗೆ ಕುಂಚದಿಂದ ಹಚ್ಚಿ, ಕತ್ತಲಲ್ಲಿ ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿ, ಗಾಳಿಯಾಡದ ಡಬ್ಬಿಯಲ್ಲಿಡು. ಒಂದು ಪಟ್ಟಿಯನ್ನು ನೀರಿನಲ್ಲಿ ಅದ್ದಿ, ನೇರ ಬಿಸಿಲು ಬೀಳದ ಕಡೆ ಎಂಟು ಗಂಟೆ ತೂಗುಹಾಕು. ಮತ್ತೆ ಒದ್ದೆ ಮಾಡಿದಾಗ ನೇರಳೆಗೆ ತಿರುಗಿದರೆ, ಓಜೋನ್ ಅಯೊಡೈಡಿನಿಂದ ಅಯೋಡಿನ್ ಬಿಡಿಸಿದೆ, ಅದು ಪಿಷ್ಟಕ್ಕೆ ಬಣ್ಣ ಕೊಟ್ಟಿದೆ. ಗಾಳಿಯ ತೇವ ಹೆಚ್ಚಿದ್ದರೆ ಬಣ್ಣವೂ ಗಾಢವಾಗುತ್ತದೆ, ನೈಟ್ರೋಜನ್ ಡೈಆಕ್ಸೈಡ್ ಕೂಡ ಅಲ್ಪಸ್ವಲ್ಪ ಇದೇ ಕೆಲಸ ಮಾಡುತ್ತದೆ. ಆದ್ದರಿಂದ ಒಂದು ಪಟ್ಟಿಯ ಮಾತು ನಂಬಬೇಡ. ಬಸ್ ನಿಲ್ದಾಣದ ಹತ್ತಿರ ಒಂದು, ಊರ ಹೊರಗಿನ ಹೊಲದಲ್ಲಿ ಒಂದು, ಒಂದೇ ದಿನ, ಒಂದೇ ಹೊತ್ತಿಗೆ ಹಾಕು. ಹತ್ತು ದಿನ ಹಾಗೆ ಮಾಡಿ, ಪ್ರತಿ ಪಟ್ಟಿಯ ಹಿಂದೆ ದಿನಾಂಕ, ಗಾಳಿಯ ದಿಕ್ಕು, ಮೋಡವಿತ್ತೇ ಇಲ್ಲವೇ ಎಂದು ಪೆನ್ಸಿಲ್‌ನಲ್ಲಿ ಬರೆ. ಎರಡರಲ್ಲಿ ಯಾವುದು ಹೆಚ್ಚು ನೇರಳೆಯಾಯಿತೆಂದು ನನಗೆ ಪತ್ರ ಬರೆದು ತಿಳಿಸು, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.